ಕೆರೆಯ ಮಾಲು

ಪ್ರೇಮಾಬಾಯಿ ಇವತ್ತೂ ತಲೆಯ ಮೇಲೆ ಗೊಬ್ಬರದ ಚೀಲ ಹೊತ್ತು ಬಂದಳು. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಚಹಾ ಅಂಗಡಿಯ ಬಾಕಿನ ಮೇಲೆ ಕುಳಿತಿದ್ದ ರವಿಕಾಂತ ಕಪ್ಪನ್ನು ಕೆಳಗಿಟ್ಟ. ಇದು ಆರನೆಯ ದಿನ. ಇನ್ನು ಇವಳನ್ನು ಬಿಡಬಾರದು ಅಂದುಕೊಂಡ.

ರವಿಕಾಂತ ಟ್ಯಾಂಕರ್ ಕಂಪನಿಯ ಮನುಷ್ಯ. ತಿಂಗಳ ಹಿಂದೆ ಹೆದ್ದಾರಿಯ ತಿರುವಿನಲ್ಲಿ ಅವರ ಟ್ಯಾಂಕರ್ ಮಗುಚಿ, ಕಪ್ಪು ಎಣ್ಣೆ ಹಳ್ಳ ಹಿಡಿದು ಹರಿದಿತ್ತು. ಕೆಳಗಿನ ಕೆರೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆ ಕೆರೆಯನ್ನೇ ನಂಬಿದ ಹನ್ನೆರಡು ಮನೆಗಳ ಬಲೆಗಳು ಅಂದಿನಿಂದ ಗೂಟದ ಮೇಲೇ ಇವೆ. ಕಂಪನಿಯದು ಒಂದೇ ಹಟ: ನಮ್ಮ ಮಾಲು ಕೆರೆಗೆ ಹನಿಯೂ ಇಳಿದಿಲ್ಲ, ದಾರಿಯಲ್ಲೇ ಇಂಗಿದೆ, ಮೀನು ಸತ್ತದ್ದು ಬಿಸಿಲಿಗೆ.

ತನಿಖೆ ಮುಗಿಯುವವರೆಗೆ ಯಾರೂ ಮೀನು ಹಿಡಿಯಕೂಡದೆಂದು ತಹಸೀಲ ಕಚೇರಿಯ ಆಜ್ಞೆ. ಒಬ್ಬರು ಹಿಡಿದರೂ ಹನ್ನೆರಡೂ ಮನೆಗಳ ಗುತ್ತಿಗೆ ರದ್ದು. ಗುತ್ತಿಗೆ ಹೋದರೆ ಅವರು ಕಂಪನಿಯ ಮೇಲೆ ಕೊಟ್ಟ ದೂರೂ ಹೋಯಿತು. ರವಿಕಾಂತನಿಗೆ ಬೇಕಾದದ್ದು ಅಷ್ಟೇ.

ಆ ಹನ್ನೆರಡು ಮನೆಗಳಲ್ಲೊಂದರ ಈ ಹೆಂಗಸು ಪಾಕಡಾ, ಬಲು ಚಾಲಾಕಿ. ಬೆಳಿಗ್ಗೆ ಮನೆಮನೆ ಬೇಡಿದ ಹರಕು ಕೌದಿ ಹೊತ್ತು ಹೋಗುತ್ತಾಳೆ, ಮಧ್ಯಾಹ್ನ ತುಂಬಿದ ಚೀಲದೊಂದಿಗೆ ಬರುತ್ತಾಳೆ. ಮೀನು ಮುಚ್ಚಲು ಕೌದಿ! ನಿನ್ನೆ ಅವನು ಕೆರೆಯ ಏರಿಯ ಮೇಲೆ ನಿಂತು ದೂರದಿಂದ ನೋಡಿದ್ದ. ಸೊಂಟಮಟ ನೀರಿನಲ್ಲಿ, ಜೊಂಡಿನ ನಡುವೆ, ಏನನ್ನೋ ಎಳೆದೆಳೆದು ಚೀಲಕ್ಕೆ ತುಂಬುತ್ತಿದ್ದಳು.

ಅವನು ಅಡ್ಡ ಬಂದು ನಿಂತ. ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕುಗಳು ತಲೆಯನ್ನೂ ಎತ್ತಲಿಲ್ಲ.

“ಏ ಬಾಯಿ, ನಿಂದ್ರು! ಕೆರ್ಯಾಗಿಂದ ಮಾಲು ತೆಗಿಲತ್ತಿ, ಹೌದಿಲ್ಲ?”

“ಹೌದ್ರಿ ಸಾವಕಾರ್ರ. ದಿನಾ ತೆಗಿಲತ್ತೀನಿ. ಇನ್ನಾ ಭಾಳ ಅದ.”

“ನಾಚ್ಕಿ ಇಲ್ಲೇನ್ ನಿನಗ?”

“ನಾ ಯಾಕ ನಾಚ್ಲಿ? ನಡೀರಿ, ಸಾಹೇಬರ ಮುಂದನೂ ಹೇಳ್ತೀನಿ. ನಾನೂ ಅಲ್ಲಿಗೇ ಹೊಂಟೀನಿ.”

ಅವಳ ಕಣ್ಣಿನಲ್ಲಿ ಅಂಜಿಕೆ ಇರಲಿಲ್ಲ, ಸಿಟ್ಟಿತ್ತು. ರವಿಕಾಂತ ಅದನ್ನು ಭಂಡತನ ಎಂದುಕೊಂಡ.

ತಹಸೀಲ ಕಚೇರಿಯಲ್ಲಿ ಅವನು ಕರ್ಚೀಫನ್ನು ಮೂಗಿನಿಂದ ತೆಗೆಯಲೇ ಇಲ್ಲ. ಅವನದು ಮೂರು ತಲೆಮಾರಿನಿಂದ ಬಟ್ಟೆ ವ್ಯಾಪಾರ ಮಾಡುವ ಶಿವಭಕ್ತರ ಮನೆತನ. ಮೀನು ಅವರ ಹೊಸ್ತಿಲು ತುಳಿದದ್ದೇ ಇಲ್ಲ.

“ಈ ನಾತ ಸಾಕಲ್ರಿ ಸಾಹೇಬ. ಬ್ಯಾರೆ ಸಾಕ್ಷಿ ಯಾಕ ಬೇಕು?”

ಸಾಹೇಬರು ಒಮ್ಮೆ ಮೂಗರಳಿಸಿದರು. ಪ್ರೇಮಾಬಾಯಿಯ ಮುಖ ನೋಡಿದರು. ಆಮೇಲೆ ಕಾಗದ ಮುಂದೆ ತಳ್ಳಿದರು.

“ಬರದ್ ಕೊಡ್ರಿ.”

ರವಿಕಾಂತ ಒಂದೇ ಉಸಿರಿಗೆ ಮರಾಠಿಯಲ್ಲಿ ಬರೆದ. ಈ ಚೀಲದ ಮಾಲು ಕೆರೆಯದೇ. ತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೂ ಬಹಳ ಇದೆಯೆಂದು ಅವಳೇ ಒಪ್ಪಿದ್ದಾಳೆ. ಕೆಳಗೆ ಸಹಿ ಹಾಕಿದ.

“ಕಂಪನಿ ಶಿಕ್ಕಾನೂ ಹೊಡೀರಿ,” ಅಂದಳು ಪ್ರೇಮಾಬಾಯಿ.

ಅವನು ನಗುತ್ತಲೇ ಮೊಹರು ಹೊಡೆದ. ಸಾಹೇಬರು ಕಾಗದವನ್ನು ಡ್ರಾದಲ್ಲಿಟ್ಟು ಬೀಗ ಹಾಕಿದರು.

ಪ್ರೇಮಾಬಾಯಿ ಚೀಲದ ಬಾಯಿ ಬಿಚ್ಚಿ, ನೆನೆದು ಭಾರವಾದ ಕೌದಿಯೊಂದನ್ನು ಎಳೆದಳು. ಎರಡೂ ಕೈಯಿಂದ ಹಿಂಡಿದಳು. ರವಿಕಾಂತನ ಬಿಳಿ ಬೂಟುಗಳ ಮೇಲೆ ಕಪ್ಪು ಎಣ್ಣೆ ದಳದಳ ಸುರಿಯಿತು.

“ಮೀನ್ ಎಲ್ಲಿ ಉಳದಾವ್ರಿ ಸಾವಕಾರ್ರ? ಇದು ನಿಮ್ಮ ಮಾಲು.”