ಅಂಗಾಲಿನ ಹಸಿರು

“ಅಬ್ಬಾ, ಈ ಸುಡುಬಿಸಿಲಲ್ಲೂ ಎಷ್ಟು ಹಸಿರಾಗಿಟ್ಟಿದ್ದೀಯೋ!” ಎನ್ನುತ್ತ, ಆಸ್ಪತ್ರೆಯಿಂದ ಬಂದ ಅಕ್ಕ ಚಪ್ಪಲಿ ಕಳಚಿ ಹುಲ್ಲುಹಾಸಿಗೆ ಇಳಿದಾಗ ತಮ್ಮನ ಎದೆ ಧಸಕ್ಕೆಂದಿತು.

ಬೇಸಿಗೆಯಲ್ಲಿ ಹುಲ್ಲನ್ನು ಗಿಡ್ಡ ಕತ್ತರಿಸಬೇಡ, ಬೇರಿಗೆ ಇರುವುದು ಅದೊಂದೇ ನೆರಳು ಎಂದು ಅವಳು ಆಸ್ಪತ್ರೆ ಸೇರುವಾಗ ಸಾರಿ ಸಾರಿ ಹೇಳಿದ್ದಳು. ಮತ್ತೆ ಮತ್ತೆ ಕತ್ತರಿಸುವ ತಾಪತ್ರಯ ಯಾರಿಗೆ ಬೇಕೆಂದು ಇವನು ನುಣ್ಣಗೆ ಬೋಳಿಸಿಬಿಟ್ಟಿದ್ದ. ಹುಲ್ಲೆಲ್ಲ ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಅಕ್ಕ ಬರುತ್ತಾಳೆಂದು ತಿಳಿದಾಗ ದಿಕ್ಕು ತೋಚದೆ ಅದಕ್ಕೆ ಹಸಿರು ಬಣ್ಣ ಹೊಡೆದಿದ್ದ. ಅದಿನ್ನೂ ಒಣಗಿರಲಿಲ್ಲ.

ಎರಡು ಹೆಜ್ಜೆಗೇ ಅಕ್ಕ ನಿಂತು ಅಂಗಾಲು ಎತ್ತಿ ನೋಡಿಕೊಂಡಳು. ಹಾಗೇ ಮನೆಯೊಳಗೆ ನಡೆದಳು. ಬಿಳಿ ನೆಲದ ಮೇಲೆ ಹಸಿರು ಹೆಜ್ಜೆಗಳು ಮೂಡುತ್ತ ಹೋದವು. ಅವನು ಒದ್ದೆ ಬಟ್ಟೆ ಹಿಡಿದು, ಕಳ್ಳಬೆಕ್ಕಿನಂತೆ ಸದ್ದಿಲ್ಲದೆ, ಒಂದೊಂದನ್ನೇ ಒರೆಸುತ್ತ ಹಿಂಬಾಲಿಸಿದ.

ಅಕ್ಕ ತಿರುಗಿ ನೋಡಲಿಲ್ಲ.

“ಒರೆಸಿದ್ದು ಸಾಕು ಕಣೋ. ಬೇರು ಇನ್ನೂ ಸತ್ತಿರಲ್ಲ, ಹೋಗಿ ನೀರು ಬಿಡು.”