ಕೆಂಪು ಟವೆಲ್

ಹೆಲಿಕಾಪ್ಟರಿನ ಮುಂದಿನ ಚಕ್ರ ತನ್ನ ಮನೆಯ ತಾರಸಿಯಿಂದ ಕೆಂಪು ಟವೆಲ್ಲನ್ನು ಎತ್ತಿಕೊಂಡು ಹೋದದ್ದನ್ನು ಪೈಲಟ್‌ನ ಹೆಂಡತಿ ಕಣ್ಣಾರೆ ಕಂಡಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಎರಡು ಕೋಲುಗಳ ನಡುವೆ ಕಟ್ಟಿದ್ದ ಟವೆಲ್ ಹೋಯಿತು, ಕೋಲುಗಳು ನಿಂತೇ ಇದ್ದವು. ಅವಳು ಗಾಳಿಗೆ ಹಾರಿಹೋಗದಂತೆ ನೀರಿನ ಟ್ಯಾಂಕಿನ ಪೈಪನ್ನು ತಬ್ಬಿಕೊಂಡಿದ್ದಳು. ಆ ಯಂತ್ರದ ಹೊಟ್ಟೆಯಡಿಯ ಮೊಳೆಗಳೂ ಕಂಡವು, ಗಾಜಿನ ಹಿಂದೆ ಗಂಡನ ಗಲ್ಲವೂ ಕಂಡಿತು. ತಿರುಗುವ ರೆಕ್ಕೆಯ ತುದಿಗೂ ಬೀದಿಯ ಕರೆಂಟಿನ ತಂತಿಗೂ ನಡುವೆ ಒಂದು ಮಾರು ಜಾಗವಿತ್ತೋ ಇಲ್ಲವೋ. ಇಷ್ಟು ಚೆಂದದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಟವೆಲ್ ಕಟ್ಟುವುದು ಶುರುವಾದದ್ದು ಬೇರೆ ಕಾರಣಕ್ಕೆ. ಮೇಲಿನಿಂದ ನೋಡಿದರೆ ವಾಯುನೆಲೆಯ ಕ್ವಾರ್ಟರ್ಸಿನ ತಾರಸಿಗಳೆಲ್ಲ ಒಂದೇ ಥರ. ನಮ್ಮನೆ ಯಾವುದೆಂದು ಗೊತ್ತಾಗಬೇಕಲ್ಲ ಎಂದು ಅವಳೇ ಕಟ್ಟಿದ್ದಳು. ಮೊದಮೊದಲು ಅವನು ಎತ್ತರದಲ್ಲೇ ಒಂದು ಸುತ್ತು ಹೊಡೆದು ಹೋಗುತ್ತಿದ್ದ. ಬರಬರುತ್ತ ಕೆಳಗಿಳಿದ. ಒಣಹಾಕಿದ ಬಟ್ಟೆ ಬೀದಿಪಾಲಾದಾಗಲೆಲ್ಲ ಅತ್ತೆ, ಇವನಿಗೆ ಬಾಗಿಲಿಂದ ಬರೋಕೆ ಏನು ಕಷ್ಟ ಎಂದು ಗೊಣಗುತ್ತಿದ್ದರು. ಆದರೆ ಸದ್ದು ಕೇಳಿದೊಡನೆ ಮಂಡಿನೋವು ಮರೆತು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತುವವರೂ ಅವರೇ. ನಿನ್ನೆ ಊಟಕ್ಕೆ ಕೂತಾಗ ಗಂಡ, ನಾಳೆ ಗಂಟು ಸ್ವಲ್ಪ ಸಡಿಲ ಇರಲಿ ಎಂದಿದ್ದ. ಯಾಕೆಂದು ಅವಳಿಗೆ ಅರ್ಥವಾಗಿತ್ತು. ನಕ್ಕು, ಹಾಗೆಯೇ ಕಟ್ಟಿದ್ದಳು.

ಅಕ್ಕಪಕ್ಕದ ತಾರಸಿಗಳಲ್ಲಿ ಚಪ್ಪಾಳೆ ಎದ್ದಿತು. ಅತ್ತೆಗೆ ಸ್ವರ್ಗಕ್ಕೆ ಮೂರೇ ಗೇಣು. ಸೊಸೆಯ ಕಣ್ಣು ಮಾತ್ರ ತಂತಿಯ ಮೇಲಿತ್ತು. ಹೆಲಿಕಾಪ್ಟರ್ ಗುಡ್ಡದಾಚೆ ಮರೆಯಾದ ಮೇಲೂ ಆ ತಂತಿ ಜೋಲಿ ಹೊಡೆಯುತ್ತಲೇ ಇತ್ತು. ಗಂಡ ಇದಕ್ಕಿಂತ ಕೆಳಗೆ ಇನ್ನೆಲ್ಲಿಗೆ ಇಳಿಯಬಲ್ಲ ಎಂದು ಯೋಚಿಸಿದಳು. ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡು ನೇರ ಕಮಾಂಡರ್ ಆಫೀಸಿಗೆ ನಡೆದಳು.

ಅಲ್ಲಿ ಟವೆಲ್, ಗಂಟು, ತಂತಿ ಯಾವುದನ್ನೂ ಮುಚ್ಚಿಡದೆ ಹೇಳಿದಳು. ಕಮಾಂಡರ್ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಪೂರ್ತಿ ಕೇಳಿದರು.

"ಇದು ನನ್ನ ಕಿವಿಗೆ ಬಿದ್ದ ಮೇಲೆ ಸುಮ್ಮನಿರೋ ಹಾಗಿಲ್ಲಮ್ಮ. ಅವನ ಹಾರಾಟ ನಿಲ್ಲಿಸಬೇಕಾಗುತ್ತೆ. ಮತ್ತೆ ಹಾರೋಕೆ ಬಿಡ್ತಾರೋ ಇಲ್ವೋ, ಅದೂ ಹೇಳೋಕಾಗಲ್ಲ."

"ಗೊತ್ತು ಸರ್."

"ಅವನು ನಿಮ್ಮ ಜೊತೆ ಮಾತು ಬಿಡಬಹುದು."

"ಬಿಡಲಿ ಸರ್. ಮಾತು ಬಿಡೋಕಾದ್ರೂ ಮನೇಲಿರ್ತಾರಲ್ಲ."

ಅಷ್ಟರಲ್ಲಿ ಕಿಟಕಿಯ ಗಾಜು ನಡುಗತೊಡಗಿತು. ಮೈದಾನದ ಹುಲ್ಲು ಮಲಗಿಕೊಂಡಿತು. ಅದರ ಮೇಲೆ ಹೆಲಿಕಾಪ್ಟರ್, ಮಲಗಿದ ಮಗುವಿನ ಪಕ್ಕದಲ್ಲಿ ಕೂರುವವರಂತೆ, ಮೆಲ್ಲಗೆ ಇಳಿಯುತ್ತಿತ್ತು. ಮುಂದಿನ ಚಕ್ರದಲ್ಲಿ ಕೆಂಪು ಟವೆಲ್ ಪಟಪಟ ಬಡಿದುಕೊಳ್ಳುತ್ತಿತ್ತು. ತಲೆ ನರೆಯುವ ತನಕ ಇದೇ ಯಂತ್ರ ಹಾರಿಸಿದ ಕಮಾಂಡರ್ ತಮಗರಿವಿಲ್ಲದೆ ಎದ್ದು ನಿಂತರು. ಅವರ ಮುಖದಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ. ಆಮೇಲೆ ನೆನಪಾದವರಂತೆ ಗಂಟಲು ಸರಿಮಾಡಿಕೊಂಡರು.

"ಅಲ್ಲಮ್ಮ, ಇಲ್ಲೀವರೆಗೆ ಬರೋದೇನಿತ್ತು? ನಾಳೆಯಿಂದ ಟವೆಲ್ ಕಟ್ಟದಿದ್ರೆ ಮುಗೀತಿತ್ತು."

ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

"ಇವತ್ತಿಂದು ನೋಡಿದ ಮೇಲೆ, ಕಟ್ಟದೆ ಇರೋಕೆ ನನ್ನ ಕೈಲಿ ಆಗಲ್ಲ ಸರ್."