ಊರಲ್ಲಿ ಮಂಗ ಸತ್ತಿಲ್ಲ

ಸತ್ತ ಮಂಗನ ಮೈಯ ಉಣುಗು ಕಚ್ಚಿದರೆ ಬರುವ ಮಂಗನ ಕಾಯಿಲೆ ಪಕ್ಕದೂರಲ್ಲಿ ಆಗಲೇ ಇಬ್ಬರನ್ನು ನುಂಗಿತ್ತು. ಆರೋಗ್ಯ ಇಲಾಖೆಯ ನೇತ್ರಾವತಿ ಅಳುಕುತ್ತಲೇ ಕಾಡಂಚಿನ ಈ ಊರಿಗೆ ಬಂದಳು.

“ಗೌಡ್ರೆ, ಇಲ್ಲೆಲ್ಲೂ ಮಂಗ ಸತ್ತಿಲ್ವಲ್ಲ?”

“ಇಲ್ಲಮ್ಮ. ಪಕ್ಕದೂರಲ್ಲಿ ಸತ್ತಿದ್ದನ್ನ ನಿಮ್ಮೋರು ಸೀಮೆಎಣ್ಣೆ ಸುರಿದು ಸುಟ್ರಂತೆ?”

“ಸುಡಲೇಬೇಕು. ಯಾರೂ ಮುಟ್ಟಬಾರದು.”

ಗೌಡರು ಮಾತು ಬದಲಿಸಿದರು. “ಬಿಸಿಲಲ್ಲಿ ಬಂದಿದ್ದೀರಿ, ಊಟ ಮಾಡ್ಕೊಂಡೇ ಹೋಗಿ.”

ಚಪ್ಪರದಡಿ ಊರಿಗೆ ಊರೇ ಪಂಕ್ತಿಯಲ್ಲಿ ಕೂತಿತ್ತು. ನಿರಾಳವಾಗಿ ಎಲೆಯ ಮುಂದೆ ಕೂತ ನೇತ್ರಾವತಿ ಕತ್ತೆತ್ತಿ ನೋಡಿದಳು. ಎದುರಿಗಿದ್ದ ಗಂಡಸರೆಲ್ಲರ ತಲೆ ನುಣ್ಣಗೆ ಬೋಳಾಗಿತ್ತು.

“ಯಾರು ತೀರ್ಕೊಂಡ್ರು, ಗೌಡ್ರೆ?”

ಗೌಡರು ತಲೆಯ ಟವೆಲ್ ತೆಗೆದು ಕೈಮುಗಿದರು. “ಆಂಜನೇಯಸ್ವಾಮಿ ಕಣಮ್ಮ. ಸುಡೋಕೆ ಹೆಂಗೆ ಕೊಡೋದು? ಮಣ್ಣು ಮಾಡೋ ಮುಂಚೆ ಕೂಸುಗಳ ಕೈಲೂ ಪಾದ ಮುಟ್ಟಿಸಿದ್ವಿ.”